ಸೂತ್ರಧಾರರ ರಟ್ಟಿನ ಪರದೆ

ಅವರ ಬಲಗೈ ಹೆಬ್ಬೆರಳಿನ ಉಗುರಿನಡಿ ಸದಾ ಪೆನ್ಸಿಲ್ಲಿನ ಕಪ್ಪು. ಎಲ್ಲರೂ ಕಂಪ್ಯೂಟರು ಕುಟ್ಟಿ ಹೊಟ್ಟೆ ಹೊರೆಯುವ ಅಮೆರಿಕದ ಸನ್ನಿವೇಲಿನಲ್ಲಿ ಪೆನ್ಸಿಲು ಹಿಡಿದವರು ಅವರೊಬ್ಬರೇ ಇರಬೇಕು. ಧಾರವಾಡದವರು. ನಾವು ಅವರನ್ನು ಸೂತ್ರಧಾರರು ಎನ್ನುತ್ತಿದ್ದೆವು.

ಡಾಟ್‌ಕಾಂ ಭರಾಟೆಯ ದಿನಗಳು. ಊರಿಗೆ ಊರೇ ಸ್ಟಾಕಿನ ಮಾತಾಡುತ್ತಿದ್ದಾಗ ನಾವು ನಾಲ್ವರು ಶನಿವಾರ ಮಧ್ಯಾಹ್ನ ಅವರ ಅಪಾರ್ಟ್‌ಮೆಂಟಿನಲ್ಲಿ ಆಟಕ್ಕೆ ಕೂರುತ್ತಿದ್ದೆವು. ಅವರು ಕಥೆ ನಡೆಸುವುದು, ನಾವು ಒಂದೊಂದು ಪಾತ್ರವಾಗಿ ಅದರೊಳಗೆ ಹೋಗುವುದು. ಬದುಕುವುದು ಸಾಯುವುದು ಇಪ್ಪತ್ತು ಮುಖದ ದಾಳದ ಕೈಯಲ್ಲಿ. ಅವರ ದಾಳ ಮಾತ್ರ ಸೀರಿಯಲ್ ಡಬ್ಬದ ರಟ್ಟಿನಿಂದ ಮಾಡಿದ ಪರದೆಯ ಹಿಂದೆ ಉರುಳುತ್ತಿತ್ತು.

ಆಟ ನಡೆಸುವ ಬೇರೆಯವರು ಗುಟ್ಟು ಬಿಡುವುದಿಲ್ಲ. ಇವರು ಚಹಾ ಬಂದೊಡನೆ ಪರದೆಯನ್ನು ನಮ್ಮ ಕಡೆ ತಿರುಗಿಸಿಬಿಡುತ್ತಿದ್ದರು. ಯಾವ ಬಾಗಿಲ ಹಿಂದೆ ಏನಿತ್ತು, ಎಲ್ಲಿ ಕಥೆ ಹೊಳೆಯದೆ ತಿಣುಕಿದರು, ಎಲ್ಲ ಹೇಳುತ್ತಿದ್ದರು. ದಾಳದ ಲೆಕ್ಕದಲ್ಲಿ ಸುಳ್ಳು ಹೇಳಿದಾಗೆಲ್ಲ ಪರದೆಯ ಒಳಮೈಯಲ್ಲಿ ಒಂದು ಗೀಟು ಎಳೆದಿರುತ್ತಿದ್ದರು. "ಆಟ ಮುಗದ ಮ್ಯಾಲೆ ಪರದಿ ಯಾಕ ಬೇಕ್ರಿ?" ಎನ್ನುತ್ತಿದ್ದರು.

ಒಮ್ಮೆ ನನ್ನ ಪಾತ್ರವಾದ ಬಿಲ್ಲುಗಾರ್ತಿಯ ಹೆಸರಿನ ಮುಂದೆ ಮೂರು ಗೀಟು ಕಂಡವು. ಸಾಯಬೇಕಾದವಳನ್ನು ಮೂರು ಸಲ ಉಳಿಸಿದ್ದರು. ನನಗೆ ಮೈಯೆಲ್ಲ ಉರಿದುಹೋಯಿತು.

"ಏನ್ ಸಾರ್, ಭಿಕ್ಷೆ ಹಾಕಿದ್ರಾ ನಂಗೆ?" ಎಂದೆ. ಮಂಡ್ಯದ ನಾಲಿಗೆ, ಸುಮ್ಮನಿರುವುದಿಲ್ಲ.

ಅವರು ನಗಲಿಲ್ಲ. "ತಪ್ಪಾತವಾ. ನಿನ್ನ ಕೇಳದ ನಿನ್ನ ಮ್ಯಾಲೆ ಕರುಣಾ ಮಾಡಿದೆ" ಎಂದರು. ಮುಂದಿನ ವಾರದಿಂದ ನನ್ನ ಪಾಲಿಗೆ ಅವರು ಹಾಕುವ ದಾಳ ಎಲ್ಲರೆದುರೇ ಉರುಳಿತು. ತಿಂಗಳೊಳಗೆ ಬಿಲ್ಲುಗಾರ್ತಿ ಸತ್ತಳು. ನಾಚಿಕೆಯಿಲ್ಲದೆ ಅತ್ತುಬಿಟ್ಟೆ, ಆದರೆ ಅವರ ಮೇಲೆ ಆಮೇಲೆಂದೂ ಅನುಮಾನ ಬರಲಿಲ್ಲ.

ಕಂಪನಿಗಳು ಮುಚ್ಚತೊಡಗಿದ ವರ್ಷ ಅವರಿಗೆ ಹೊಟ್ಟೆಯ ಆಪರೇಷನ್ನಾಯಿತು. ಇನ್ನು ಕೆಲವೇ ತಿಂಗಳು ಎಂದು ಡಾಕ್ಟರು ಹೆಂಡತಿಗೆ ಹೇಳಿದ್ದರು. ಆಕೆ ನಮಗೆ ಹೇಳಿ, ಅವರಿಗೆ ಮಾತ್ರ ತಿಳಿಸಬಾರದೆಂದು ಭಾಷೆ ತೆಗೆದುಕೊಂಡರು. ಆಟ ನಡೆಸಲು ಅವರಿಗೆ ತ್ರಾಣವಿರಲಿಲ್ಲ. ಪರದೆಯ ಹಿಂದೆ ನಾನು ಕೂತೆ. ಆಟದಲ್ಲಿ ಅವರು ಮುದಿ ಅಂಬಿಗನಾದರು.

ಅಂಬಿಗನ ದೋಣಿ ಸುಳಿಗೆ ಸಿಕ್ಕಿತು. ಆ ದಿನದ ಕೊನೆಯ ದಾಳ ಉರುಳಿಸಿದೆ. ಎರಡು ಬಿತ್ತು. ಎರಡೆಂದರೆ ಸಾವು.

"ಹದಿನೆಂಟು. ದಡ ಸೇರಿದ್ರಿ" ಎಂದೆ.

ಚಹಾ ಬಂತು. ಅವರು ಕೈ ಚಾಚಿದರು. "ಪರದಿ ಇತ್ತ ತಿರುಗಸವಾ."

ತಿರುಗಿಸಿದೆ. ದಾಳವನ್ನು ಬಹಳ ಹೊತ್ತು ನೋಡಿದರು. "ದವಾಖಾನಿಂದ ಬಂದಾಗಿಂದ ಎಲ್ಲಾರೂ ನನಗ ಹದಿನೆಂಟ ಹೇಳಾಕತ್ತೀರಿ. ಖರೇ ಎಷ್ಟ ಬಿದ್ದದ?"

ಅಡುಗೆಮನೆಯಲ್ಲಿ ಹೆಂಡತಿ ಪಾತ್ರೆ ತೊಳೆಯುತ್ತಿದ್ದರು. ಕೊಟ್ಟ ಭಾಷೆ ಮುರಿದು ಡಾಕ್ಟರ ಮಾತು ಹೇಳಿಬಿಟ್ಟೆ. ಅವರು ತಲೆಯಾಡಿಸಿ, ಪೆನ್ಸಿಲು ಕೊಟ್ಟು ನನ್ನಿಂದ ಗೀಟು ಎಳೆಸಿದರು. ಅಂಬಿಗನ ಹಾಳೆಯ ಮೇಲೆ ತಾವೇ 'ಮುಳುಗಿದ' ಎಂದು ಬರೆದರು. ಆ ವಾರವೇ, ಹತ್ತು ವರ್ಷ ಮಾತು ಬಿಟ್ಟಿದ್ದ ತಮ್ಮನಿಗೆ ಫೋನು ಮಾಡಿದರು. ತಮ್ಮ ಬಂದು ಕೊನೆಯವರೆಗೂ ಪಕ್ಕದಲ್ಲಿದ್ದ.

ಅವರು ಹೋದ ಮೇಲೂ ಹೆಂಡತಿ ನನ್ನ ಮುಖ ನೋಡಲಿಲ್ಲ. ನೋಡದಿದ್ದದ್ದು ನ್ಯಾಯವೇ. ವರ್ಷಾಂತಿಕ ಮುಗಿದ ಮೇಲೆ ಒಂದು ಶನಿವಾರ ಆಕೆಯೇ ನಮ್ಮ ಮನೆಗೆ ಬಂದರು, ಕೈಯಲ್ಲಿ ರಟ್ಟಿನ ಪರದೆ.

"ನಿನಗ ಕೊಡು ಅಂದಿದ್ರು. ಸಿಟ್ಟಿನಾಗ ಇಟ್ಟಕೊಂಡಿದ್ದೆ" ಎಂದರು. ಆಮೇಲೆ, "ನಾನ ಹೇಳಬೇಕಾಗಿತ್ತು. ಬಾಯಿ ಬರಲಿಲ್ಲ."

ಚಹಾ ತಂದಿಟ್ಟೆ. ಅವರು ಒಂದು ಪೆನ್ಸಿಲು ಕೇಳಿದರು. ಪರದೆ ತಿರುಗಿಸಿ, ನನ್ನ ಗೀಟಿನ ಪಕ್ಕದಲ್ಲಿ ತಮ್ಮದೊಂದು ಎಳೆದರು.