ಅಕ್ಕೋರ ಪ್ರೆಸ್ ನೋಟ್

ಅಕ್ಕೋರ ಮೂಗಿನ ಮೇಲೆ ಸದಾ ಒಂದು ಕಪ್ಪು ಗೆರೆ ಇರುತ್ತಿತ್ತು. ಪ್ರತಿ ತೆಗೆಯುವ ಸೈಕ್ಲೋಸ್ಟೈಲ್ ಯಂತ್ರದ ಮಸಿ ಹತ್ತಿದ ಬೆರಳಿನಿಂದಲೇ ಜಾರುವ ಚಷ್ಮಾ ಮೇಲಕ್ಕೆ ತಳ್ಳುವರು, ಗೆರೆ ಅಲ್ಲೇ ಕುಳಿತುಬಿಡುವುದು. ಹೈದರಾಬಾದಿನಿಂದ ಟೈ ಕಟ್ಟಿಕೊಂಡು ಬಂದ ಕಂಪನಿಯವರ ಕಣ್ಣು ಮಾತು ಮುಗಿಯುವವರೆಗೂ ಅದರ ಮೇಲೆಯೇ. ಹೇಳುವ ಧೈರ್ಯ ಯಾರಿಗೂ ಇರಲಿಲ್ಲ, ನನಗಂತೂ ಇರಲೇ ಇಲ್ಲ.

ಮೊದಲು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದವರು, ಹಾಗಾಗಿ ನೌಕರಿ ಬಿಟ್ಟ ಮೇಲೂ ಕಲಬುರಗಿಗೆಲ್ಲ ‘ಅಕ್ಕೋರು’. ಎಂಬತ್ತರ ದಶಕದ ಕೊನೆಗೆ ಖೂಬಾ ಪ್ಲಾಟ್ ಬಡಾವಣೆಯ ತಮ್ಮ ಮನೆಯ ಮುಂದಿನ ಕೋಣೆಯಲ್ಲಿ ಪ್ರಚಾರದ ಆಫೀಸು ತೆರೆದರು. ಸೋಪು, ಸೀರೆಯ ಪ್ರಚಾರವಲ್ಲ. ಸ್ಟೆಬಿಲೈಸರ್, ಎಲೆಕ್ಟ್ರಾನಿಕ್ ತಕ್ಕಡಿ, ಆಮೇಲೆ ಕಂಪ್ಯೂಟರ್, ಹೀಗೆ ಹೊಸ ಯಂತ್ರ ಮಾಡುವ ಕಂಪನಿಗಳ ಸುದ್ದಿಯನ್ನು ಪತ್ರಿಕೆಗಳಿಗೆ ಮುಟ್ಟಿಸುವ ಕೆಲಸ. “ಕರೆಂಟೇ ಇರಲಾರದ ಊರಾಗ ಕರೆಂಟಿನ ಸಾಮಾನಿಗೆ ಡಂಗುರ ಹೊಡೀಲಿಕ್ಕೆ ಹೊಂಟಾರ” ಎಂದು ಜನ ನಕ್ಕರು. ಪತ್ರಿಕೆಯ ನೌಕರಿ ಬಿಟ್ಟು ನಾನು ಅವರ ಜೊತೆ ಸೇರಿದಾಗ ನನ್ನನ್ನು ನೋಡಿಯೂ ನಕ್ಕರು. ನಗಲಿ ಬಿಡಿ, ಹಲ್ಲು ಅವರವು.

ಅಕ್ಕೋರ ತವರು ಕಮಲಾಪುರ. ನಾನು ಬರೆದ ಪ್ರತಿಯೊಂದು ಪ್ರೆಸ್ ನೋಟನ್ನೂ ಬಸ್ಸಿನಲ್ಲಿ ಅಲ್ಲಿಗೆ ಒಯ್ದು, ತವರುಮನೆಯ ಕಟ್ಟೆಯ ಮೇಲೆ ಕುಳಿತು ಗಟ್ಟಿಯಾಗಿ ಓದುವರು. ಹಾದುಹೋಗುವವರು ನಿಂತು ಕೇಳುವರು. ಯಾರಾದರೂ “ಹಂಗಂದ್ರ ಏನವ್ವಾ?” ಎಂದರೆ ಆ ಸಾಲಿನ ಕಥೆ ಮುಗಿಯಿತು. ಹಾಗೆ ಸತ್ತದ್ದೆಲ್ಲ ನಾನು ಬೆವರು ಸುರಿಸಿ ಬರೆದ ಸಾಲುಗಳೇ. ನಾನು ಮುಖ ಗಂಟಿಕ್ಕಿದರೆ, “ಚಂದ ಬರೀಬ್ಯಾಡ್ರಿ. ತಿಳಿಯಂಗ ಬರೀರಿ, ಖರೇ ಬರೀರಿ” ಎನ್ನುವರು. ಬರುವಾಗ ಕೆಂಪು ಬಾಳೆಹಣ್ಣು ತರುತ್ತಿದ್ದರು. ಬೇರೆಯವರು ವರದಿಗಾರರಿಗೆ ದುಬಾರಿ ಉಡುಗೊರೆ ಹಂಚಿದರೆ ಇವರು ಕೊಡುತ್ತಿದ್ದದ್ದು ತಲೆಗೊಂದು ಹಣ್ಣು.

ಹೈದರಾಬಾದಿನ ತಕ್ಕಡಿ ಕಂಪನಿಯೊಂದು ನಮಗೆ ಅನ್ನ ಹಾಕುತ್ತಿದ್ದ ಕಾಲ ಅದು. ಅದು ಕೈಬಿಟ್ಟರೆ ಆಫೀಸಿಗೆ ಬೀಗವೇ ಗತಿ. ಕಮಲಾಪುರದ ತೊಗರಿ ವ್ಯಾಪಾರಿಯೊಬ್ಬರ ದುಕಾನಿನಲ್ಲಿ ಹೊಸ ತಕ್ಕಡಿಯ ಉದ್ಘಾಟನೆ ಇಟ್ಟುಕೊಂಡಿದ್ದೆವು. ವರದಿಗಾರರನ್ನು ಜೀಪಿನಲ್ಲಿ ಕರೆತಂದಿದ್ದೆವು. ಯಂತ್ರದ ಹತ್ತಿರ ನೀರು ಬೇಡವೆಂದು ಕಂಪನಿಯ ಮ್ಯಾನೇಜರು ಬೆಳಿಗ್ಗೆಯಿಂದ ಹೇಳುತ್ತಲೇ ಇದ್ದರು. ಅಕ್ಕೋರು ಕೇಳಲಿಲ್ಲ. “ಕಾಯಿ ಒಡೀಲಾರದ ಹೊಸಾ ಮಷೀನಿಗೆ ಇಲ್ಲಿ ಯಾರೂ ಕೈ ಹಚ್ಚಂಗಿಲ್ರೀ.”

ದುಕಾನಿನ ಮಾಲೀಕರು ಭಕ್ತಿಯಿಂದ ತಕ್ಕಡಿಯ ಮೂಲೆಗೇ ಕಾಯಿ ಕುಟ್ಟಿದರು. ನೀರು ನೆಟ್ಟಗೆ ಒಳಗೆ ಇಳಿಯಿತು. ಮೇಲೆ ಒಂದು ಕಾಳೂ ಇಲ್ಲದ ತಕ್ಕಡಿಯ ಕೆಂಪು ಅಂಕಿಗಳು ಓಡತೊಡಗಿದವು: ಇಪ್ಪತ್ತು ಕಿಲೋ, ನಲವತ್ತು ಕಿಲೋ. ಮಹಾಗಾಂವದಿಂದ ತೊಗರಿ ತಂದಿದ್ದ ರೈತನೊಬ್ಬ ಕೂಗಿದ, “ಯಪ್ಪಾ, ಖಾಲಿ ಗಾಳೀನೇ ನಲವತ್ತು ಕಿಲೋ! ಇನ್ನ ಮ್ಯಾಲ ನನ್ನ ಮಾಲೆಲ್ಲ ಇದರ ಮ್ಯಾಲೇ ತೂಗ್ರಿ!” ಊರಿಗೆ ಊರೇ ನಕ್ಕಿತು. ಮಾಲೀಕರ ಮುಖ ಮಾತ್ರ ಕಪ್ಪಿಟ್ಟಿತು.

ಮ್ಯಾನೇಜರು ಓಡಿಬಂದು ತಕ್ಕಡಿಯ ಮೇಲೆ ಬಟ್ಟೆ ಹೊದಿಸಿದರು. ವಿಜೃಂಭಣೆಯಿಂದ ಉದ್ಘಾಟನೆಯಾಯಿತು ಎಂದಷ್ಟೇ ಬರೆದುಕೊಡಿ ಎಂದು ಅಕ್ಕೋರ ಕಿವಿಯಲ್ಲಿ ಹೇಳಿದರು. ಅಕ್ಕೋರು ಆ ಬಟ್ಟೆ ತೆಗೆದು ಪಕ್ಕಕ್ಕಿಟ್ಟು ವರದಿಗಾರರ ಕಡೆ ತಿರುಗಿದರು.

“ಕಾಯಿ ಒಡೀರಿ ಅಂದಾಕಿ ನಾನು. ನೀರು ಹೋಗಿ ಮಷೀನ್ ಕೆಟ್ಟದ. ಗಲತಿ ನಂದು, ಬರಕೋರಿ. ಆದ್ರ ರಿಪೇರಿ ಆಗೂತನಕ ಯಾರೂ ಏಳಬ್ಯಾಡ್ರಿ. ಆಗದಿದ್ರ ಅದನ್ನೂ ಬರೀರಿ.”

ಎಲ್ಲರೂ ಕುಳಿತರು. ಮಿರ್ಚಿ ಭಜಿ ಬಂತು, ಚಹಾ ಬಂತು. ಕಂಪನಿಯ ಮೆಕ್ಯಾನಿಕ್ ತಕ್ಕಡಿ ಬಿಚ್ಚಿ ಒರೆಸಿ, ಭಾಗಗಳನ್ನು ಬಿಸಿಲಿಗೆ ಹರವಿದ. ನಮ್ಮ ಕಡೆಯ ಬಿಸಿಲಿಗೆ ಒಣಗದ ವಸ್ತುವಿಲ್ಲ. ಹೊತ್ತು ಇಳಿಯುವ ಮೊದಲು ತಕ್ಕಡಿ ಮತ್ತೆ ಎದ್ದು ನಿಂತಿತು. ಅಕ್ಕೋರು ಮಹಾಗಾಂವದ ಆ ರೈತನಿಗೇ ಚೀಲ ಆರಿಸಲು ಹೇಳಿ, ಹಳೆಯ ತಕ್ಕಡಿಯಲ್ಲೂ ಹೊಸದರಲ್ಲೂ ತೂಗಿಸಿದರು. ಎರಡರ ತೂಕವೂ ಸರಿಹೋಯಿತು. ಚೀಲ ಇಳಿಸಿ ಸೊನ್ನೆ ನೋಡಿದ ರೈತ “ಈಗ ಗಾಳಿ ತೂಗವಲ್ದು ನೋಡ್ರಿ” ಎಂದ, ತುಸು ಬೇಸರದಿಂದಲೇ.

ಕಾಯಿಯ ಕಥೆ ಪೂರ್ತಿ ಇರುವ ನೋಟು ನಾನೇ ಬರೆದೆ. ಇದು ಪತ್ರಿಕೆಗಳಿಗೆ ಹೋದರೆ ನಮ್ಮ ನಿಮ್ಮ ಸಂಬಂಧ ಮುಗಿಯಿತು ಎಂದು ಮ್ಯಾನೇಜರು ಹೇಳಿ ಹೋದರು. ನೋಟು ಹೋಯಿತು, ಕಂಪನಿಯೂ ಹೋಯಿತು. ನಾನು ಗೊಣಗಿದಾಗ ಅಕ್ಕೋರು, “ಮಂದೀ ಮುಂದ ಸುಳ್ಳ ಹೇಳಿ ತಕ್ಕಡಿ ನಂಬ್ರಿ ಅಂದ್ರ ಯಾರ ನಂಬ್ತಾರ?” ಎಂದು ಚಷ್ಮಾ ಮೇಲಕ್ಕೆ ತಳ್ಳಿದರು. ಕೆಲಸವಿಲ್ಲದ ಆ ತಿಂಗಳುಗಳಲ್ಲೂ ಇಸ್ತ್ರಿ ಮಾಡಿದ ಸೀರೆಯುಟ್ಟು ದಿನಾ ಆಫೀಸಿನ ಬಾಗಿಲು ತೆರೆದು ಕೂಡುತ್ತಿದ್ದರು. ನನಗೆ ಹೆದರಿಕೆ ಇತ್ತು, ಅವರಿಗೆ ಇರಲಿಲ್ಲ.

ಆಮೇಲೆ ಕಲಬುರಗಿಯ ಗಂಜ್ ಮಾರುಕಟ್ಟೆಯ ವ್ಯಾಪಾರಿಗಳು ಒಬ್ಬೊಬ್ಬರಾಗಿ ಹೈದರಾಬಾದಿಗೆ ಫೋನು ಹಚ್ಚಿ “ಆ ಕಾಯಿ ಒಡದ ತಕ್ಕಡಿ” ಕೇಳತೊಡಗಿದರು. ಹೊಸ ಯಂತ್ರ ಕೆಟ್ಟರೆ ಯಾರಾದರೂ ಬಂದು ರಿಪೇರಿ ಮಾಡುತ್ತಾರೋ ಇಲ್ಲವೋ, ಅವರಿಗೆ ಇದ್ದ ಚಿಂತೆ ಅದೊಂದೇ; ಉತ್ತರ ನಮ್ಮ ನೋಟಿನಲ್ಲಿತ್ತು. ಕೊನೆಗೆ ಕಂಪನಿಯ ಮಾಲೀಕರೇ ಖೂಬಾ ಪ್ಲಾಟಿಗೆ ಬಂದರು. ಸುಳ್ಳು ನೋಟು ಕೇಳಕೂಡದು ಎಂಬ ಷರತ್ತಿನ ಮೇಲೆ ಅಕ್ಕೋರು ಅವರನ್ನು ಒಳಗೆ ಕರೆದರು. ಕಂಪ್ಯೂಟರಿನವರು, ಟೆಲಿಫೋನಿನವರು, ಮೊಬೈಲಿನವರು ಬಂದದ್ದೂ ಅದೇ ಷರತ್ತಿನ ಮೇಲೆ. ನಮ್ಮ ಆಫೀಸಿನ ನೋಟನ್ನು ಯಾವ ಪತ್ರಿಕೆಯವರೂ ಫೋನು ಮಾಡಿ ಖಾತ್ರಿಪಡಿಸಿಕೊಳ್ಳುತ್ತಿರಲಿಲ್ಲ, ಹಾಗೇ ಅಚ್ಚಿಗೆ ಕಳಿಸುತ್ತಿದ್ದರು. ಇವತ್ತು ನನ್ನ ಮಾತಿಗೆ ಈ ಊರಿನಲ್ಲಿ ಏನಾದರೂ ಬೆಲೆ ಇದ್ದರೆ ಅದು ಅಕ್ಕೋರು ಗಳಿಸಿ ಕೊಟ್ಟದ್ದು.

ಹೊಸ ಶತಮಾನದ ಮೊದಲ ವರ್ಷಗಳಲ್ಲಿ, ಸ್ವಲ್ಪ ದಿನದ ಕಾಯಿಲೆಯಲ್ಲಿ ಅವರು ಹೋಗಿಬಿಟ್ಟರು. ಆ ಸುದ್ದಿಯನ್ನೂ ನಾನೇ ಬರೆದು ಪತ್ರಿಕೆಗಳಿಗೆ ಕಳಿಸಿದೆ. ಕಮಲಾಪುರದಲ್ಲಿ ಅಂದು ಭಜಿ ತಿನ್ನುತ್ತ ಕುಳಿತಿದ್ದ ಹಿರಿಯ ವರದಿಗಾರರೊಬ್ಬರು ಫೋನು ಮಾಡಿದರು. ಎಷ್ಟೋ ವರ್ಷಗಳ ಮೇಲೆ ನಮ್ಮ ನೋಟಿನ ಬಗ್ಗೆ ವಿಚಾರಿಸಲು ಬಂದ ಫೋನು ಅದೊಂದೇ.

“ಅಕ್ಕೋರ ಆಫೀಸಿನ ನೋಟ್ ಎಂದೂ ಸುಳ್ಳ ಆಗಿಲ್ಲ, ಗೊತ್ತದರೀ,” ಎಂದರು. “ಇದೊಂದು ಸುಳ್ಳ ಅಂತ ಹೇಳ್ರಿ.”

“ಇಲ್ರೀ,” ಎಂದೆ. “ಖರೇ ಅದ.”