ಅಕ್ಕೋರು ತೋರಿಸಿದ ನಡುಕ

ಅಕ್ಕೋರ ಬಳೆಗಳು ಸದ್ದು ಮಾಡುತ್ತಿರಲಿಲ್ಲ. ಮೊಳಕೈವರೆಗೆ ಏರಿಸಿ, ಮೇಲೆ ಕರವಸ್ತ್ರ ಬಿಗಿದಿರುತ್ತಿದ್ದರು. ತಮ್ಮ ಪ್ರಯೋಗದ ಯಂತ್ರದ ಹತ್ತಿರ ಹೋದರೆ ಉಸಿರನ್ನೂ ಹಿಡಿಯುತ್ತಿದ್ದರು.

ಖಾನಾಪುರದವರು, ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಬೆಳಗಾವಿಯ ಕಾಲೇಜೊಂದರಲ್ಲಿ ವಿಜ್ಞಾನ ಕಲಿಸುತ್ತಿದ್ದರು, ಅದಕ್ಕೇ ಅಕ್ಕೋರು. ಪ್ರಯೋಗಕ್ಕೆ ಅಲುಗದ ನೆಲ ಬೇಕಿತ್ತು, ಕಾಲೇಜಿನಲ್ಲಿ ಸಿಕ್ಕಿದ್ದು ಮಾಳಿಗೆ. ವಡಗಾವಿಯಲ್ಲಿ ಹಳೇ ಯಂತ್ರ ಕೊಂಡು ಮಾರುವ ನನ್ನ ಬಳಿ ಕಲ್ಲು ಹಾಸಿದ ಕೋಣೆಯಿತ್ತು. ಓಣಿ ತುಂಬ ಮಗ್ಗಗಳಿದ್ದರೂ ಕಲ್ಲು ತಡೆದೀತು ಎಂದುಕೊಂಡರು. ಚೌಕಾಸಿಯಲ್ಲಿ ನನಗೆ ಹೆಸರಿದೆ. ಆದರೂ ಚಹಾ ಆರುವುದರೊಳಗೆ ಅಕ್ಕೋರು ನನ್ನಿಂದ ಕೋಣೆಯನ್ನೂ ಬೀಗವನ್ನೂ ಗೆದ್ದುಕೊಂಡಿದ್ದರು.

ಅವರ ಯಂತ್ರದ ಜೀವಾಳ ಕಣ್ಣಿಗೆ ಕಾಣದಷ್ಟು ಸಣ್ಣ ಸಿಲಿಕಾನ್ ಎಸಳು. ಅದರ ಮೇಲೆ ಮೊಸರಿನ ಸೂಕ್ಷ್ಮಜೀವಿಗಳನ್ನು ಅಂಟಿಸುತ್ತಿದ್ದರು. "ಜೀವ ಇರೂತನಕ ಎಸಳನ್ನ ನಡುಗಸ್ತಾವ್ರಿ. ಔಷಧ ಹಾಕಿದ್ರ ನಡುಕ ನಿಲ್ಲಬೇಕು." ಕೂದಲೆಳೆಯ ಲಕ್ಷದಲ್ಲೊಂದು ಪಾಲಿನಷ್ಟು ನಡುಕವಂತೆ! ಬೆಳಕಿನ ಕಿರಣ ಬಿಟ್ಟು ಅದನ್ನು ಪರದೆಯ ಮೇಲೆ ಗೆರೆಯಾಗಿಸುತ್ತಿದ್ದರು.

ಯಂತ್ರಕ್ಕೆ ದುಡ್ಡು ಕೊಟ್ಟ ಪುಣೆಯ ಸಂಸ್ಥೆಯಿಂದ ಪರೀಕ್ಷಕರು ಬರುವವರಿದ್ದರು. ಅವರು ಒಪ್ಪದಿದ್ದರೆ ಯಂತ್ರ ವಾಪಸ್, ಕೆಲಸ ಬಂದ್. ಮೊದಲ ಸಲ ಗೆರೆ ಜೋರಾಗಿ ಕುಣಿದಾಗ ಗೆದ್ದೆವೆಂದು ನಾನು ಬಾಯಿ ಸಿಹಿ ಮಾಡಲು ಕುಂದಾ ತರಿಸಿದೆ. ಅಕ್ಕೋರು ಮುಟ್ಟಲಿಲ್ಲ. ಔಷಧ ಹಾಕಿದರು, ಗೆರೆ ಕುಣಿಯುತ್ತಲೇ ಇತ್ತು.

"ಅಕ್ಕೋರ, ಕುಣಿಯೂದಷ್ಟ ತೋರಸ್ರಿ. ಗಿರಾಕಿಗೆ ಮಾಲಿನ ಚಲೋ ಮಗ್ಗಲಾ ತೋರಸೂದು," ಎಂದೆ.

"ಇದು ನನ್ನ ಜೀವಿಗಳ ಕುಣಿತ ಅಲ್ರೀ ಸಾವಕಾರ್ರ, ನಿಮ್ಮ ಓಣಿ ಮಗ್ಗಗಳದು. ಸತ್ತವನ್ನ ಕುಣಿಸಿ ತೋರಸಾಕ ನಾ ಏನ್ ಗೊಂಬಿ ಆಡಸಾಕಿ ಏನು?"

ನೇಕಾರರನ್ನು ವಿಚಾರಿಸಿ ಬಂದವರೇ ಪುಣೆಯವರಿಗೆ ಅಮಾವಾಸ್ಯೆ ದಿನ ಬರಹೇಳಿದರು. "ಬ್ಯಾರೆ ದಿನಾ ಸಿಗಲಿಲ್ಲೇನ್ರಿ?" ಎಂದು ಕಾಲೇಜಿನವರು ನಕ್ಕರು. ನಗಲಿ. ಅಮಾವಾಸ್ಯೆಗೆ ವಡಗಾವಿಯ ಮಗ್ಗಗಳಿಗೆ ಸೂಟಿ, ಒಂದೂ ಓಡುವುದಿಲ್ಲ.

ಅಂದು ಓಣಿ ತೆಪ್ಪಗಿತ್ತು. ಗೆರೆ ಸಣ್ಣಗೆ ನಡುಗಿತು, ಅಷ್ಟೇ. ಇಷ್ಟಕ್ಕೆ ಒಪ್ಪುತ್ತಾರೆಯೇ ಎಂದು ನಾನು ಪರೀಕ್ಷಕರ ಮುಖ ನೋಡಿದೆ. ಅಕ್ಕೋರು ಔಷಧ ಬಿಟ್ಟರು. ನಡುಕ ಇಳಿಯುತ್ತಾ ಇಳಿಯುತ್ತಾ ಗೆರೆ ನೆಟ್ಟಗೆ ಮಲಗಿತು. ಪರೀಕ್ಷಕರು ಹೊಸ ಎಸಳು, ಹೊಸ ಜೀವಿಗಳನ್ನು ಹಾಕಿಸಿ ನೋಡಿದರು, ಮತ್ತೆ ಹಾಗೆಯೇ. ಅವರಲ್ಲಿ ಹಿರಿಯರೊಬ್ಬರು ಎದ್ದು ನಿಂತು ಅಕ್ಕೋರಿಗೆ ಕೈಮುಗಿದರು.

ಯಂತ್ರ ಕೊಳ್ಳುವವರಿಗೆ ಒಂದು ಮಾತು ಹೇಳುತ್ತೇನೆ: ಅದು ನಡೆಯುವುದನ್ನಷ್ಟೇ ನೋಡಬೇಡಿ, ನಿಲ್ಲಬೇಕಾದಾಗ ನಿಲ್ಲುತ್ತದೆಯೋ ನೋಡಿ. ನನ್ನ ಅರ್ಧ ವ್ಯಾಪಾರ ಬೆಳೆದದ್ದು ಈ ಬುದ್ಧಿಯಿಂದ.

ಅಕ್ಕೋರು ಹೋದ ವರ್ಷ ಖಾನಾಪುರದಲ್ಲಿ ತೀರಿಕೊಂಡರು. ಮಣ್ಣು ಕೊಡಲು ಹೋಗಿದ್ದೆ. ಅವರ ಶಿಷ್ಯೆಯೊಬ್ಬಳು, ಈಗ ದೊಡ್ಡ ವಿಜ್ಞಾನಿ, "ನೀವು ಅಕ್ಕೋರಿಗೆ ಏನಾಗಬೇಕ್ರಿ?" ಎಂದಳು. ಏಳನೇ ಕ್ಲಾಸಿಗೇ ಸಾಲಿ ಬಿಟ್ಟವನು ನಾನು. ಎದೆಯೆತ್ತಿ ಹೇಳಿದೆ: "ಅವರ ಪ್ರಯೋಗ ನಮ್ಮ ಮನಿಯಾಗ ಆತ್ರೀ."