ಅವ್ವನ ಹೊಟ್ಟೆಯ ಬಗ್ಗೆ ಮಗ ಹೇಳಿದ್ದು

ಅರಿವಳಿಕೆ ಕೊಡುವ ಮುನ್ನ ಕೇಳುವ ಪ್ರಶ್ನೆಗೆ ಸುಳ್ಳು ಉತ್ತರ ಕೊಟ್ಟರೆ ಜೀವ ಹೋಗಬಹುದು. ಮೆಲ್ಬರ್ನಿನ ಪಾಯಿಂಟ್ ಕುಕ್‌ನಲ್ಲಿರುವ ಗುರುಬಸವನಿಗೂ ಇದು ಗೊತ್ತಿತ್ತು. ಆದರೂ ಅವ್ವ ಗಿರಿಜವ್ವನ ಪಿತ್ತಕೋಶದ ಆಪರೇಷನ್‌ಗೆ ಮೊದಲಿನ ತಪಾಸಣೆ ಬುಕ್ ಮಾಡುವಾಗ, ದುಭಾಷಿ ಬೇಕೇ ಎಂದು ಆಸ್ಪತ್ರೆಯವರು ಕೇಳಿದ್ದಕ್ಕೆ ನಕ್ಕುಬಿಟ್ಟ. ಮಗನೇ ಇರುವಾಗ ಅದ್ಯಾಕೆ ಎಂದ. ಕೆಲಸ ಹಗುರಾಯಿತೆಂದು ಅವರೂ ಸುಮ್ಮನಾದರು. ಅಸಹ್ಯ ಅಲ್ಲಿಂದಲೇ ಶುರು.

ಬಿ.ಪಿ. ನೋಡಿದರು, ರಕ್ತ ತೆಗೆದರು, ಇಸಿಜಿ ಆಯಿತು. ಆಮೇಲೆ ನರ್ಸ್ ಪ್ರಶ್ನೆ ಕೇಳತೊಡಗಿದಳು. ಗುರುಬಸವ ಒಂದು ಕಣ್ಣು ಆಫೀಸಿನ ಚಾಟ್ ಮೇಲಿಟ್ಟು, ಅವ್ವನ ಕಡೆ ತಿರುಗಿಯೂ ನೋಡದೆ "ನೋ, ನೋ" ಎನ್ನುತ್ತ ಹೋದ.

"ಏನ್ ಕೇಳಾಕತ್ತಾಳಪ್ಪಾ?"

"ಏನಿಲ್ಲ ಬಿಡಬೇ. ಹಿಂದ ಆಪರೇಷನ್ ಏನರ ಆಗೇತೇನು ಅಂತ. ಇಲ್ಲ ಅಂದೆ."

ಗಿರಿಜವ್ವ ಥಟ್ಟನೆ ಮಗನ ಮುಖ ನೋಡಿದಳು. ಆಗಿತ್ತು. ಗುರುಬಸವ ಹಾಸ್ಟೆಲ್‌ನಲ್ಲಿದ್ದಾಗ ಗದಗಿನಲ್ಲಿ ಅವಳ ಗರ್ಭಕೋಶ ತೆಗೆದಿದ್ದರು. ಪ್ರಜ್ಞೆ ತಪ್ಪಿಸಿದ ಮೇಲೆ ಉಸಿರೇ ನಿಂತು, ಗಂಟಲಿಗೆ ನಳಿಗೆ ಹಾಕಿ ಉಳಿಸಿಕೊಂಡಿದ್ದರು. ಹೆಂಗಸರ ವಿಷಯವೆಂದು ಮನೆಯಲ್ಲಿ ಯಾರೂ ಮಗನಿಗೆ ಹೇಳಿರಲಿಲ್ಲ. ಈಗ ಅವನೆದುರು ಹೇಳುವುದಾದರೂ ಹೇಗೆ? ಸೆರಗು ಸರಿಮಾಡಿಕೊಂಡು ಕೂತಳು. ಈ ಸಲ ಏಳುತ್ತೇನೋ ಇಲ್ಲವೋ ಎಂಬ ಭಯವೂ ಒಳಗೇ ಉಳಿಯಿತು.

ಪರದೆ ಎಳೆದು ಹೊಟ್ಟೆ ನೋಡಿದ ನರ್ಸ್‌ಗೆ ಹಳೆಯ ಹೊಲಿಗೆಯ ಗುರುತು ಕಂಡಿತು. ಇದೇನು ಎಂದಳು. ಪರದೆಯಾಚೆಯಿಂದಲೇ ಮಗ ಊಹಿಸಿದ: "ಮೇಬಿ ಸಿಸೇರಿಯನ್."

ಆ ಒಂದು ಪದ ಗಿರಿಜವ್ವನಿಗೂ ಗೊತ್ತಿತ್ತು.

"ಎಲ್ಲೀ ಸಿಸೇರಿಯನ್ನೋ ಮೂಳಾ! ಮನ್ಯಾಗ ಹಡದೀನಿ ನಿನ್ನ. ಸೂಲಗಿತ್ತಿ ಬರೂದ್ರಾಗ ನೀ ಹೊರಗ ಬಂದಿದ್ದಿ!"

ಕನ್ನಡ ಬರದಿದ್ದರೂ ನರ್ಸ್‌ಗೆ ಆ ದನಿ ಅರ್ಥವಾಯಿತು. ಮಗನನ್ನು ಹೊರಗೆ ಕಳಿಸಿ, ದುಭಾಷಿಗೆ ಫೋನ್ ಮಾಡಿ ನಡೆದದ್ದನ್ನು ತಿಳಿಸಿದಳು. ಸಿಡ್ನಿಯ ಪೆಂಡಲ್ ಹಿಲ್‌ನಿಂದ ಹೆಂಗಸೊಬ್ಬಳ ದನಿ ಸ್ಪೀಕರಿನಲ್ಲಿ ಬಂತು: "ನಮಸ್ಕಾರ ಅಮ್ಮಾ, ನಾನು ಸರಸ್ವತಿ. ನಿಮ್ಮ ಮಗನಿಗೆ ನಾನೇನೂ ಹೇಳಲ್ಲ. ಧೈರ್ಯವಾಗಿ ಮಾತಾಡಿ."

ಗಿರಿಜವ್ವ ಎಲ್ಲವನ್ನೂ ಹೇಳಿದಳು. ಅರಿವಳಿಕೆಯ ವೈದ್ಯರು ಅವಳನ್ನು ಬೇರೆಯಾಗಿ ಪರೀಕ್ಷಿಸುವವರೆಗೆ ಆಪರೇಷನ್ ಮುಂದೆ ಹೋಯಿತು.

ಕಾರಿನಲ್ಲಿ ಗುರುಬಸವ ಹಲ್ಲು ಕಡಿದ. "ಈಗ ಮತ್ತ ರಜಾ ಹಾಕಬೇಕು. ಮೊದಲ ನನಗ ಹೇಳಾಕ ಏನಾಗಿತ್ತಬೇ?"

"ನೀ ಎಲ್ಲಿ ಕೇಳಿದಿ?" ಎಂದಳು ಗಿರಿಜವ್ವ.

ಥೂ! ಹೆತ್ತವಳ ಜೀವ ಉಳಿಯಿತೆಂಬ ಸಮಾಧಾನವಿಲ್ಲ, ರಜೆಯ ಚಿಂತೆ. ನಿಮ್ಮ ಅಮ್ಮನನ್ನು ಕರೆದೊಯ್ದಾಗ ನಿಮ್ಮನ್ನೂ ಕೇಳುತ್ತಾರೆ, ದುಭಾಷಿ ಬೇಕೇ ಎಂದು. ಬೇಕು ಅನ್ನಿ. ಆಮೇಲೆ ಎದ್ದು ಹೊರಗೆ ಹೋಗಿ.